ಮೇಷ್ಟರ ಗದ್ದ

ಮೇಷ್ಟರ ಎಡದವಡೆಯ ಕೆಳಗೆ ಹುಣಸೆಬೀಜದಷ್ಟು ಅಗಲದ ಕಪ್ಪು ಕಲೆಯಿತ್ತು. ವರ್ಷಗಟ್ಟಲೆ ಪಿಟೀಲು ಒತ್ತಿ ಒತ್ತಿ ಚರ್ಮ ಗಟ್ಟಿಯಾದ ಗುರುತು ಅದು. ಗಡ್ಡ ಹೆರೆದುಕೊಳ್ಳುವಾಗ ಅದನ್ನು ಬಿಟ್ಟು ಸುತ್ತಲೂ ಬ್ಲೇಡು ಆಡಿಸುತ್ತಿದ್ದರು. ಅಲ್ಲಿ ಎರಡು ಬಿಳಿಕೂದಲು ಯಾವಾಗಲೂ ಉಳಿದಿರುತ್ತಿದ್ದವು. ಚಿಕ್ಕಂದಿನಲ್ಲಿ ಪಾಠಕ್ಕೆ ಕೂತರೆ ನನ್ನ ಕಣ್ಣು ಆ ಕೂದಲ ಮೇಲೆಯೇ. "ಅಲ್ಲೇನೋ ಬರ್ದೈತೆ? ತಂತಿ ನೋಡೋ" ಎನ್ನುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ಅವರದು ಸಿನಿಮಾ ಹಾಡುಗಳ ಆರ್ಕೆಸ್ಟ್ರಾ. ಗಣೇಶನ ಹಬ್ಬ, ಆರತಕ್ಷತೆ, ಎಲ್ಲಿಗೆ ಕರೆದರೂ ಹೋಗುತ್ತಿದ್ದರು. ಪಿಟೀಲು ನುಡಿಸುತ್ತಲೇ ತಂಡವನ್ನೂ ನಡೆಸಬೇಕು, ಎರಡು ಕೈಯೂ ಖಾಲಿ ಇರುವುದಿಲ್ಲ. ಹಾಗಾಗಿ ಅವರು ಉಸಿರೆಳೆದು, ಪಿಟೀಲಿನ ಸಮೇತ ಗದ್ದವನ್ನು ಒಮ್ಮೆ ಮೇಲಕ್ಕೆತ್ತಿ ಇಳಿಸುತ್ತಿದ್ದರು. ಇಳಿದ ಕ್ಷಣಕ್ಕೆ ಹಾಡು ಶುರು. ತೂಬಗೆರೆ, ತ್ಯಾಮಗೊಂಡ್ಲು ಕಡೆಯಿಂದ ಬರುತ್ತಿದ್ದ ಪಿಟೀಲಿನವರೆಲ್ಲ ಮೇಷ್ಟರ ಗದ್ದ ನೋಡಿಯೇ ಕೂದಲು ನರೆಸಿಕೊಂಡವರು.

ನಾನು ಮಾತ್ರ ಪಿಟೀಲು ಬಿಟ್ಟು ಬೇಸ್ ಗಿಟಾರ್ ಹಿಡಿದೆ. ನಾಲ್ಕು ಜನ ಗೆಳೆಯರು ಸೇರಿ ರಾಕ್ ಬ್ಯಾಂಡ್ ಕಟ್ಟಿದೆವು. ಬೈಯುತ್ತಾರೆಂದು ಅಳುಕುತ್ತ ಗಿಟಾರನ್ನು ಮೇಷ್ಟರಿಗೆ ತೋರಿಸಿದೆ. ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದರು. "ಇದ್ರಲ್ಲೂ ನಾಲ್ಕೇ ತಂತಿ. ನನ್ನ ಬಿಟ್ಟು ಎಲ್ಲಿಗೂ ಹೋಗಿಲ್ಲ ನೀನು" ಎಂದು ನಕ್ಕರು. ಆ ಮಾತು ನನ್ನನ್ನು ಎಷ್ಟು ಹಗುರ ಮಾಡಿತೆಂದು ಅವರಿಗೆ ಹೇಳಲೇ ಇಲ್ಲ.

ನಮ್ಮ ಹಾಡುಗಳನ್ನು ಅವರ ಪಿಟೀಲುಗಳ ಜೊತೆ ಒಂದೇ ವೇದಿಕೆಯಲ್ಲಿ ನುಡಿಸಬೇಕೆಂಬ ಹುಚ್ಚು ನಮಗೆ ಹತ್ತಿದಾಗ, ಆರ್ಕೆಸ್ಟ್ರಾ ಕರೆಸುವವರು ಕಡಿಮೆಯಾಗಿ ಕೆಲವು ವರ್ಷವಾಗಿತ್ತು. ಕೇಳಿದ ಕೂಡಲೇ ಒಪ್ಪಿಕೊಂಡರು. "ಸದ್ದು ಜೋರಿರುತ್ತೆ, ಮೇಷ್ಟ್ರೇ" ಎಂದೆ. "ಮಗ್ಗದ ಪಕ್ಕ ಮಲ್ಗಿ ಬೆಳ್ದೋನು ನಾನು. ನಿಮ್ ಗಲಾಟೆ ಏನ್ ಮಹಾ" ಎಂದರು. ಆಮೇಲೆ, "ನಾನು ನುಡ್ಸಲ್ಲ ಕಣಪ್ಪ. ಮುಂದೆ ನಿಂತು ನಡೆಸ್ತೀನಿ" ಎಂದರು. ವಯಸ್ಸಾಯಿತಲ್ಲ, ಸುಸ್ತು ಇರಬೇಕು ಅಂದುಕೊಂಡೆ.

ಮಗ್ಗಗಳನ್ನು ಮಾರಿ ಖಾಲಿಯಾಗಿದ್ದ ಒಂದು ಶೆಡ್ಡಿನಲ್ಲಿ ಅಭ್ಯಾಸ. ಮೇಷ್ಟರು ಕುರ್ಚಿಯಲ್ಲಿ, ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದರು. ಅವರು ಗದ್ದ ಎತ್ತಿದರೆ ಪಿಟೀಲುಗಳು ಏಳುತ್ತಿದ್ದವು, ಪಿಟೀಲು ಕೇಳಿ ನಾವು ಸೇರಿಕೊಳ್ಳುತ್ತಿದ್ದೆವು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಓಡಿಬರುತ್ತಿದ್ದ ನಮ್ಮ ಡ್ರಮ್ಮರನಿಗೂ ಅವರನ್ನು ನೋಡಿ ನುಡಿಸುವ ಅಗತ್ಯ ಬೀಳಲಿಲ್ಲ. ಮೇಷ್ಟರ ಕೈ ಯಾಕೆ ತೊಡೆಯ ಕೆಳಗಿದೆ ಎಂದು ನಾವ್ಯಾರೂ ಕೇಳಲಿಲ್ಲ. ಪಿಟೀಲಿನವರಿಗೆ ಗೊತ್ತಿತ್ತು. ನಡುಕದ ಕಾಯಿಲೆ ಬಂದು ವರ್ಷವಾಗಿದೆ, ಕಮಾನು ಹಿಡಿಯಲು ಆಗುವುದಿಲ್ಲ ಎಂಬುದನ್ನು ಅವರು ಹೊರಗೆ ಬಿಟ್ಟಿರಲಿಲ್ಲ. ಇದೊಂದು ಕಾರ್ಯಕ್ರಮ ಮುಗಿಯುವ ತನಕ ಊರಿಗೆ ತಿಳಿಯಬಾರದೆಂದು ಮೇಷ್ಟರು ಅವರಿಂದ ಮಾತು ತೆಗೆದುಕೊಂಡಿದ್ದರಂತೆ.

ಕಾರ್ಯಕ್ರಮದ ಸಂಜೆ ಮೈದಾನ ತುಂಬಿತ್ತು. ಮೇಷ್ಟರು ಹಳೆಯ ಕಂದು ಕೋಟು ಹಾಕಿಕೊಂಡು ಬಂದಿದ್ದರು. ಜನ ಕೂಗಾಡುತ್ತಿದ್ದರು. ಮೊದಲ ಹಾಡು ಪಿಟೀಲುಗಳಿಂದ ಮೆಲ್ಲಗೆ ಶುರುವಾಗಬೇಕು. ಸುಮ್ಮನಿರಿ ಎಂದು ಜನರಿಗೆ ಸನ್ನೆ ಮಾಡಲು ಮೇಷ್ಟರು ತಮ್ಮ ಕಾಯಿಲೆ ಮರೆತು ಬಲಗೈ ಎತ್ತಿಬಿಟ್ಟರು. ಕೈ ನಡುಗಿತು. ವೇದಿಕೆಯ ದೀಪದಲ್ಲಿ ಆ ನಡುಕವನ್ನು ಕಂಡ ಡ್ರಮ್ಮರ್, ಮೇಷ್ಟರು ಕೈಯಲ್ಲಿ ತಾಳ ಕೊಡುತ್ತಿದ್ದಾರೆಂದುಕೊಂಡು ಅದೇ ವೇಗಕ್ಕೆ ಬಾರಿಸಲು ಶುರುಮಾಡಿದ. ಅವನ ಹಿಂದೆಯೇ ನಾನೂ ತಂತಿ ಮೀಟಿದೆ. ಪಿಟೀಲಿನವರೊಬ್ಬರೂ ಅಲುಗಲಿಲ್ಲ. ಗದ್ದ ಎದ್ದಿರಲಿಲ್ಲವಲ್ಲ.

ನಾವು ಅರ್ಧಕ್ಕೆ ನಿಂತೆವು. ಜನ ನಕ್ಕರು. ಮೇಷ್ಟರ ಕೈ ಇನ್ನೂ ಮೇಲೆಯೇ ಇತ್ತು, ನಡುಗುತ್ತಲೇ ಇತ್ತು. ಈಗ ಮೈದಾನವೆಲ್ಲ ಅದನ್ನೇ ನೋಡುತ್ತಿತ್ತು. ಅವರು ನಿಧಾನವಾಗಿ ಕೈ ಇಳಿಸಿ ಕೋಟಿನ ಜೇಬಿಗೆ ಹಾಕಿಕೊಂಡು ಡ್ರಮ್ಮರನ ಕಡೆ ತಿರುಗಿದರು.

"ಕೈ ನೋಡ್ಬೇಡ ಕಣಪ್ಪ. ಅದು ನನ್ ಮಾತು ಕೇಳಲ್ಲ ಈಗ. ಗದ್ದ ನೋಡು."

ಮೈಕು ಹತ್ತಿರದಲ್ಲೇ ಇತ್ತು, ಮಾತು ಎಲ್ಲರಿಗೂ ಕೇಳಿಸಿತು. ನಗು ನಿಂತಿತು. ಮೇಷ್ಟರು ಉಸಿರೆಳೆದು ಗದ್ದ ಎತ್ತಿದರು. ಅವತ್ತಿನಂತೆ ನಾವು ಮತ್ತೆಂದೂ ನುಡಿಸಿಲ್ಲ.

ಅದೇ ಅವರ ಕೊನೆಯ ವೇದಿಕೆ. ಆಮೇಲೆ ಕಾಯಿಲೆ ಮೈಗೆಲ್ಲ ಹರಡಿತು, ಮುಖವೂ ಬಿಗಿಯಾಯಿತು. ಡ್ರಮ್ಮರ್ ರಜೆ ಸಿಕ್ಕಾಗಲೆಲ್ಲ ಹೋಗಿ ಅವರ ಮಂಚದ ಪಕ್ಕ ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಂಡು, ಎರಡು ಬೆರಳು ಅದರ ಮೇಲೆ ಇಟ್ಟು, ಗದ್ದ ಏಳುವುದನ್ನೇ ಕಾಯುತ್ತಿದ್ದ. ಎದ್ದರೆ ಮೆಲ್ಲಗೆ ಬಾರಿಸುತ್ತಿದ್ದ. ಏಳದಿದ್ದರೆ ಕೈ ತೆಗೆದು ಹಣ್ಣು ಸುಲಿದು ತಿನ್ನಿಸುತ್ತಿದ್ದ. "ನನ್ ಮೇಲೆ ಬೇಜಾರಾ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದ. ಅವರು ಒಂದೊಂದೇ ಪದ ಹೊರಡಿಸುತ್ತ, "ನೀನೊಬ್ನೇ ಕಣೋ, ನನ್ ಕೈನ ನಂಬಿದ್ದು" ಎಂದರು.

ಮೇಷ್ಟರು ತೀರಿಕೊಂಡ ದಿನ ಹೋದಾಗ ಕೈ ಎದೆಯ ಮೇಲಿತ್ತು, ಅಲುಗದೆ. ಬಾಯಿ ತೆರೆಯದಂತೆ ಗದ್ದವನ್ನು ಸುತ್ತಿ ತಲೆಗೆ ಬಟ್ಟೆ ಕಟ್ಟಿದ್ದರು. ಆ ಕಪ್ಪು ಕಲೆ ಬಟ್ಟೆಯಡಿ ಮುಚ್ಚಿಹೋಗಿತ್ತು. ಪಿಟೀಲಿನವರು ನುಡಿಸಿಯೇ ಕಳಿಸೋಣವೆಂದು ಸುತ್ತ ನಿಂತು, ತಂತಿಯ ಮೇಲೆ ಕಮಾನು ಇಟ್ಟರು. ಇಟ್ಟವರು ಹಾಗೇ ನಿಂತುಬಿಟ್ಟರು. ಎಲ್ಲರ ಕಣ್ಣೂ ಆ ಬಟ್ಟೆಯ ಮೇಲೆ. ಮೇಷ್ಟರ ಹೆಂಡತಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಇನ್ನೂ ಅವ್ರನ್ನೇ ನೋಡ್ತಾ ನಿಂತ್ರೆ ಹೆಂಗ್ರಪ್ಪಾ" ಎಂದರು.

ನಾನು ಅವರ ಹಳೆಯ ಶಿಷ್ಯ, ಸನ್ನೆ ನಾನು ಕೊಡಬೇಕಿತ್ತು. ನನಗೆ ತಲೆ ಎತ್ತಲು ಆಗಲಿಲ್ಲ. ಬಾಗಿಲ ಬಳಿ ಹೂವಿನ ಹಾರ ಹಿಡಿದು ನಿಂತಿದ್ದ ಡ್ರಮ್ಮರ್ ಒಂದು ಉಸಿರು ಎಳೆದುಕೊಂಡು, ಗದ್ದ ಎತ್ತಿ, ಇಳಿಸಿದ. ಪಿಟೀಲುಗಳು ಶುರುವಾದವು.