ಅಳಿಯನ ಬಂದೂಕಿನ ದುರ್ಬೀನು

ಇದನ್ನು ಹೇಳಬೇಕೆಂದು ಕೂತು, ಹೇಳದೆ ಎದ್ದು ಹೋಗುವುದು ಮೂರು ವರ್ಷದಿಂದ ನಡೆದಿದೆ. ಮೊದಲು ಬೇಟೆಯ ದಿನಗಳು ಮುಗಿಯಲಿ ಅಂದುಕೊಂಡೆ. ಆಮೇಲೆ ಮಗಳ ಹೆರಿಗೆಯಾಗಲಿ ಅಂದೆ. ಆಮೇಲೆ ನನ್ನ ಕಣ್ಣಿನ ಪೊರೆಯ ಆಪರೇಷನ್ ಬಂತು. ಈಗ ನೆಪಗಳು ಮುಗಿದಿವೆ. ಆದರೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ಆಗ ನಡೆದದ್ದರಲ್ಲಿ ಅರ್ಧ ನನಗೇ ಇವತ್ತಿಗೂ ಸ್ಪಷ್ಟವಿಲ್ಲ.

ನಾನು ಮೆಟ್ರಿಕ್ ಓದಿದವನು. ಗದಗಿನ ಒಂದು ಕನ್ನಡಕದ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಗ್ಲಾಸು ತಿಕ್ಕಿ ಚೌಕಟ್ಟಿಗೆ ಕೂರಿಸಿದೆ. ಕೊರೊನಾ ಇಳಿಯುತ್ತ ಬಂದ ವರ್ಷ ನಾನೂ ಹೆಂಡತಿಯೂ ಷಾರ್ಲೆಟ್‌ಗೆ, ಮಗಳ ಮನೆಗೆ ಬಂದೆವು. ಅಳಿಯ ಅಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ನಾವು ಲಿಂಗಾಯತರು, ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ಅಳಿಯ ಹೊರಗೆ ತಿನ್ನುತ್ತಾರೆಂದು ನಮಗೆ ಗೊತ್ತಿತ್ತು, ನಮಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಎತ್ತಬೇಕಾಗಿ ಬಂದದ್ದು ಅವರು ಬಂದೂಕು ತಂದಾಗ. ಆಫೀಸಿನ ಗೆಳೆಯನೊಬ್ಬನ ತಂದೆಗೆ ಸೌತ್ ಕೆರೊಲಿನಾದಲ್ಲಿ ಸೋಯಾ ಹೊಲವಿತ್ತು. ಜಿಂಕೆಗಳು ಬೆಳೆ ಮೇಯುತ್ತಿದ್ದವು. ಆಫೀಸಿನವರು ಸೇರಿ ಪ್ರತಿ ವರ್ಷ ಅಲ್ಲಿ ಬೇಟೆಗೆ ಹೋಗುತ್ತಿದ್ದರು, ಆ ವರ್ಷ ಅಳಿಯನನ್ನೂ ಕರೆದಿದ್ದರು. ನನ್ನ ಹೆಂಡತಿ ಮೂರು ದಿನ ಅಳಿಯನ ಹತ್ತಿರ ಮಾತಾಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಬಡಿಸುತ್ತ, "ಬೆಳಿ ತಿಂತಾವಂತ ಕೊಲ್ಲೂದಾದ್ರ ನಮ್ಮೂರಾಗ ಒಂದು ಎಮ್ಮಿನೂ ಉಳೀತಿರಲಿಲ್ಲ" ಅಂದಳು. ಮಾಂಸವೆಲ್ಲ ಹೊಲದವರೇ ಇಟ್ಟುಕೊಳ್ಳುತ್ತಾರೆ, ಮನೆಯೊಳಗೆ ಒಂದು ಚೂರೂ ತರುವುದಿಲ್ಲ ಎಂದು ಅಳಿಯ ಮಾತು ಕೊಟ್ಟರು. ಅವಳು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಹೊಲ ಅಗಲವಾಗಿತ್ತು. ಮುನ್ನೂರು ಗಜದಷ್ಟು ದೂರಕ್ಕೆ ಗುರಿ ಹಿಡಿಯಬೇಕು, ಅದಕ್ಕೆ ಬಂದೂಕಿನ ಮೇಲೆ ದುರ್ಬೀನು ಬೇಕು. ಇಲ್ಲಿ ಅದನ್ನು ಸ್ಕೋಪ್ ಅನ್ನುತ್ತಾರೆ. ದುಬಾರಿಯದು ಬೇಡ, ಕೈಗೆಟುಕುವಂಥದ್ದು ಸಾಕು ಎಂದು ಅಳಿಯ ನನ್ನನ್ನೂ ಅಂಗಡಿಗೆ ಕರೆದರು. "ಗ್ಲಾಸಿನ ವಿಷಯ ನಿಮಗ ಬಿಟ್ಟು ಯಾರಿಗೆ ಗೊತ್ರಿ ಮಾಮಾ?" ಅಂದರು. ಈ ದೇಶಕ್ಕೆ ಬಂದಮೇಲೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ಹೆಚ್ಚುಕಡಿಮೆ ಒಂದೇ ಬೆಲೆಯ ಎರಡನ್ನು ಅಂಗಡಿಯವನು ಮುಂದಿಟ್ಟ. ಒಂದು ಇಪ್ಪತ್ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವುದು, ಇನ್ನೊಂದು ಬರೀ ಒಂಬತ್ತು ಪಟ್ಟಿನದು. ಅಳಿಯನ ಕೈ ಇಪ್ಪತ್ನಾಲ್ಕರ ಮೇಲೆಯೇ ಇತ್ತು. ನಾನು ಎರಡನ್ನೂ ಬಾಗಿಲಿಗೆ ಒಯ್ದು, ಪಾರ್ಕಿಂಗ್‌ನ ಆ ತುದಿಯ ಬೋರ್ಡಿನ ಅಕ್ಷರ ನೋಡಿದೆ. ಸಂಜೆಯಾಗುತ್ತಿತ್ತು. ಇಪ್ಪತ್ನಾಲ್ಕು ಪಟ್ಟಿನದರಲ್ಲಿ ಅಕ್ಷರ ದೊಡ್ಡದಾಗಿ ಕಂಡರೂ ಮಂಕಾಗಿತ್ತು, ಅಂಚಿಗೆಲ್ಲ ನೇರಳೆ ಬಣ್ಣ ಹತ್ತಿತ್ತು. ಕೈ ಸ್ವಲ್ಪ ನಡುಗಿದರೂ ಬೋರ್ಡು ಇಡೀ ಕುಣಿಯುತ್ತಿತ್ತು. ಒಂಬತ್ತರದರಲ್ಲಿ ಅಕ್ಷರ ಸಣ್ಣದು, ಆದರೆ ತೊಳೆದಿಟ್ಟ ಹಾಗೆ. ಕಡಿಮೆ ದುಡ್ಡಿಗೆ ಹೆಚ್ಚು ಪಟ್ಟು ಕೊಡುತ್ತೇನೆ ಅನ್ನುವವನು ಗ್ಲಾಸಿನಲ್ಲಿ ಉಳಿಸಿರುತ್ತಾನೆ. ಜಿಂಕೆ ಹೊಲಕ್ಕಿಳಿಯುವುದು ಮಬ್ಬು ಬೆಳಕಿನಲ್ಲಿ, ಆಗ ಬೇಕಾಗುವುದು ಬೆಳಕೇ ಹೊರತು ಗಾತ್ರವಲ್ಲ ಎಂದು ನಾನು ಹೇಳಿದೆ. ಅಳಿಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಂಗಡಿಯವನು ನನ್ನ ಕೈ ಕುಲುಕಿದ. ಅಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಸರಿಯೇ ಇತ್ತು.

ಆಮೇಲೆ ಅವನು ದುರ್ಬೀನಿನ ಮೇಲೂ ಪಕ್ಕಕ್ಕೂ ಇದ್ದ ಎರಡು ಗುಂಡನೆಯ ಮುಚ್ಚಳ ಬಿಚ್ಚಿ ಒಳಗಿನ ತಿರುಪು ತೋರಿಸಿದ. ಒಂದು ತಿರುಗಿಸಿದರೆ ಗುರಿ ಮೇಲೆ ಕೆಳಗೆ, ಇನ್ನೊಂದು ತಿರುಗಿಸಿದರೆ ಎಡ ಬಲ. ಒಂದು ಟಿಕ್ ಅಂದರೆ ನೂರು ಗಜದಲ್ಲಿ ಕಾಲು ಇಂಚು, ದೂರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ ಅಂದ. ಗಜ, ಇಂಚು, ಕೋನ, ಏನೇನೋ ಹೇಳಿದ. ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಆಗಷ್ಟೇ ಕೈ ಕುಲುಕಿಸಿಕೊಂಡಿದ್ದೆನಲ್ಲ, ತಲೆಯಾಡಿಸಿದೆ.

ಅಳಿಯ ಎರಡು ಶನಿವಾರ ಗುಂಡು ಹೊಡೆಯುವ ಮೈದಾನಕ್ಕೆ ಹೋಗಿ, ಆ ತಿರುಪುಗಳನ್ನು ಹೊಂದಿಸಿ, ಗುರಿ ಕೂರಿಸಿಕೊಂಡು ಬಂದರು. ಕಾಗದದಲ್ಲಿ ಮೂರು ತೂತು ಒಂದರ ಪಕ್ಕ ಒಂದು ಇದ್ದವು. ಇದು ನಿಮ್ಮದೇ ರೀ ಮಾಮಾ ಎಂದು ಆ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದರು.

ಆಯುಧ ಪೂಜೆಯ ಹಿಂದಿನ ದಿನ ಮನೆಯಲ್ಲಿ ನಾನೊಬ್ಬನೇ ಇದ್ದೆ. ಪೂಜೆಗೆಂದು ಅಳಿಯ ಗುಂಡು ತೆಗೆದ ಬಂದೂಕನ್ನು ಪೆಟ್ಟಿಗೆಯಿಂದ ಹೊರಗಿಟ್ಟು ಹೋಗಿದ್ದರು. ನಾನು ಮುಚ್ಚಳ ಬಿಚ್ಚಿದೆ. ತಿಳಿಯದ್ದಕ್ಕೆ ತಲೆಯಾಡಿಸಿದ್ದು ಒಳಗೆ ಕೊರೆಯುತ್ತಿತ್ತು. ಮೇಲಿನದನ್ನು ತಿರುಗಿಸಿದೆ, ಟಿಕ್ ಟಿಕ್ ಅಂತು. ಹನ್ನೆರಡು ಎಣಿಸಿದೆ. ಪಕ್ಕದ್ದನ್ನೂ ತಿರುಗಿಸಿದೆ, ಅದನ್ನು ಇಪ್ಪತ್ತರವರೆಗೆ ಎಣಿಸಿದ ನೆನಪು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಪಾರ್ಸೆಲ್ ತಂದು ಬೆಲ್ ಒತ್ತಿದರು. ತೆಗೆದುಕೊಂಡು ಬಂದು ನೋಡಿದರೆ ಯಾವುದನ್ನು ಯಾವ ಕಡೆಗೆ ತಿರುಗಿಸಿದ್ದೆ ಎಂಬುದೇ ಮರೆತಿತ್ತು. ಅಂದಾಜಿನಿಂದ ಹಿಂದಕ್ಕೆ ತಿರುಗಿಸಿದೆ. ಸಾಲದು ಅನ್ನಿಸಿ ಇನ್ನಷ್ಟು ತಿರುಗಿಸಿದೆ. ಮುಚ್ಚಳ ಬಿಗಿ ಮಾಡಿ ಇಟ್ಟೆ. ಸರಿಯಾಗಿಯೇ ಇಟ್ಟಿರಬಹುದು ಎಂದು ಸಂಜೆಯವರೆಗೆ ನನಗೆ ನಾನೇ ಹೇಳಿಕೊಂಡೆ. ಸಂಜೆಯ ಹೊತ್ತಿಗೆ ಅದನ್ನು ನಂಬಿಯೂ ಇದ್ದೆ.

ಮರುದಿನ ನನ್ನ ಹೆಂಡತಿ ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ, ಹೊಲಿಗೆ ಮಷೀನಿಗೆ ವಿಭೂತಿ, ಕುಂಕುಮ ಹಚ್ಚಿ ಚೆಂಡು ಹೂ ಇಟ್ಟಳು. ಬಂದೂಕಿನ ಮುಂದೆ ಬಂದಾಗ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದಕ್ಕೂ ಹಚ್ಚಿದಳು. ಮನೆಯಲ್ಲಿರುವ ಆಯುಧವನ್ನು ಆ ದಿನ ಬಿಟ್ಟರೆ ಅದು ಮುನಿಯುತ್ತದೆ ಅನ್ನುವವಳು ಅವಳು. ಮಾರನೆಯ ದಿನ ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿದಳು.

ಆ ವಾರಾಂತ್ಯ ಅಳಿಯನ ಜೊತೆ ನಾನೂ ಹೋದೆ. ಬೆಳಗಿನ ಮಬ್ಬಿನಲ್ಲಿ ಹೊಲದ ಅಂಚಿಗೆ ಕೂತೆವು. ದೂರದಲ್ಲಿ ಒಂದು ಜಿಂಕೆ ಬಂದು ಅಡ್ಡಲಾಗಿ ನಿಂತಿತು. ಅಳಿಯ ಹೊಡೆದರು. ಅದು ಬೀಳಲಿಲ್ಲ. ಹಿಂದಿನ ಕಾಲು ಎಳೆಯುತ್ತ ಪೈನ್ ಮರಗಳ ಒಳಗೆ ಹೋಯಿತು. ಹೊಲದ ಯಜಮಾನ, ನನ್ನ ವಯಸ್ಸಿನವನು, ರಕ್ತದ ಹನಿ ಹುಡುಕುತ್ತ ಮುಂದೆ ನಡೆದ, ನಾವು ಹಿಂದೆ. ಮಧ್ಯಾಹ್ನದ ಹೊತ್ತಿಗೆ ಹನಿಗಳು ನಿಂತವು. ಜಿಂಕೆ ಸಿಗಲಿಲ್ಲ. ಯಜಮಾನ ಬೈಯಲಿಲ್ಲ, ಗುರಿ ಸರಿ ಇಲ್ಲದವರು ಈ ಹೊಲಕ್ಕೆ ಬರಬಾರದು ಎಂದಷ್ಟೇ ಹೇಳಿದ. ಅಳಿಯನ ಮುಖ ಅವತ್ತು ಇದ್ದ ಹಾಗೆ ನಾನು ಮತ್ತೆ ನೋಡಿಲ್ಲ.

ಮರುದಿನ ಮೈದಾನದಿಂದ ಅವರು ಇನ್ನೊಂದು ಕಾಗದ ತಂದರು. ತೂತುಗಳು ಗುರಿಯಿಂದ ನಾಲ್ಕು ಬೆರಳು ಎಡಕ್ಕೆ ಸರಿದಿದ್ದವು, ನೂರು ಗಜದಲ್ಲೇ. ಊಟದ ಮೇಜಿನ ಮೇಲೆ ಅದನ್ನಿಟ್ಟು, ಬಂದೂಕನ್ನು ಯಾರಾದರೂ ಮುಟ್ಟಿದ್ದಿರಾ ಎಂದು ಕೇಳಿದರು.

ನನ್ನ ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನಾ ಒರಿಸಿದ್ನೆಪಾ, ಕುಂಕುಮ ಹತ್ತಿತ್ತಲ್ಲ. ಅದ್ರಿಂದ ಆತೇನು?"

ಮಗಳು ನನ್ನ ಮುಖ ನೋಡಿದಳು, ಗ್ಲಾಸಿನವನು ನಾನಲ್ಲವೇ. ನಾನು ಹೇಳಿದೆ: "ಮುಚ್ಚಳ ಸಡಿಲ ಇದ್ವು. ಒರಿಸುವಾಗ ತಿರುಪು ತಿರುಗಿರಬೇಕು."

ಅಷ್ಟೇ ನಾನು ಹೇಳಿದ್ದು. ಯಾಕೆ ಹೇಳಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಳಿಯ ಏನೂ ಬೈಯುತ್ತಿರಲಿಲ್ಲ. ಹೆದರಿಕೆ ಅಂದರೆ ಪೂರ್ತಿ ನಿಜವಲ್ಲ. ಫ್ರಿಜ್ಜಿನ ಮೇಲಿನ ಆ ಹಳೆಯ ಕಾಗದ ನನ್ನ ಕಣ್ಣೆದುರಿಗಿತ್ತು, ಅದಕ್ಕೇ ಇರಬಹುದು.

ಇರುವೆ ಕಂಡರೆ ಕಾಲು ಎತ್ತಿಡುವವಳು ನನ್ನ ಹೆಂಡತಿ. ಮೊದಲ ವಾರವೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು, "ಅದು ಸತ್ತಿರ್ತದೇನ್ರಿ, ಕುಂಟಕೋತ ತಿರಗಾಕತ್ತಿರ್ತದೇನು?" ಆಮೇಲೆ ಕೇಳುವುದನ್ನು ಬಿಟ್ಟಳು. ಮುಂದಿನ ಆಯುಧ ಪೂಜೆಗೆ, ನನ್ನ ಕೈ ಬೇಡ, ನೀನೇ ಹಚ್ಚು ಎಂದು ಕುಂಕುಮದ ಬಟ್ಟಲನ್ನು ಮಗಳ ಕೈಗೆ ಕೊಟ್ಟಳು. ಅಳಿಯ ಬಂದೂಕನ್ನು ಅಷ್ಟರಲ್ಲಿ ಮಾರಿದ್ದರು. ಆದರೂ ಅವಳು ಮಿಕ್ಸಿಗೂ ಹಚ್ಚಲಿಲ್ಲ.

ಹೋದ ವರ್ಷ ಅಳಿಯನೂ ನಾನೂ ಆಶ್‌ಬರ್ನ್‌ನಲ್ಲಿರುವ ಅವರ ಅಣ್ಣನ ಮನೆಗೆ ಕಾರಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಹೇಳಿಬಿಟ್ಟೆ. ತಿರುಪು, ಪಾರ್ಸೆಲ್, ಎಲ್ಲ. ಕೈ ಮುಗಿದು ತಪ್ಪಾಯಿತು ಅಂದೆ.

"ಗೊತ್ತಿತ್ರಿ ಮಾಮಾ" ಅಂದರು ರಸ್ತೆಯಿಂದ ಕಣ್ಣು ತೆಗೆಯದೆ. "ಮುಚ್ಚಳ ಬಿಗಿಯಾಗೇ ಇದ್ವು. ಮೈದಾನದಾಗ ನಾನೇ ಬಿಚ್ಚೇನಲ್ಲ."

"ಮತ್ಯಾಕ ಅನ್ಲಿಲ್ಲ?"

"ನೀವ ಹೇಳ್ತೀರಂತ ಮಾಡಿದ್ದೆ." ಸ್ವಲ್ಪ ದೂರ ಹೋದಮೇಲೆ, "ಅತ್ತಿಯವರಿಗೆ ಹೇಳೀರೇನು?" ಅಂದರು.

ನಾನು ಕಿಟಕಿಯ ಕಡೆ ತಿರುಗಿದೆ. ವಾಪಸು ಬಂದಮೇಲೆ ಅವರ ಫೋನಿನಿಂದಲೇ ಹೊಲದ ಯಜಮಾನನಿಗೂ ನನ್ನ ಹರಕು ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡೆ. ಅವನು ಏನೋ ಉದ್ದವಾಗಿ ಹೇಳಿದ, ಕೊನೆಗೆ ನಕ್ಕ. ಕ್ಷಮಿಸಿದನೋ ಇಲ್ಲವೋ ಎಂದು ಅಳಿಯನನ್ನು ಕೇಳಬೇಕಾಯಿತು.

ಮನೆಯ ಹಿಂದಿನ ಹುಲ್ಲಿಗೆ ಬೆಳಿಗ್ಗೆ ಜಿಂಕೆಗಳು ಬರುತ್ತವೆ. ಹೆಂಡತಿ ಇಷ್ಟಲಿಂಗ ಪೂಜೆ ಮುಗಿಸಿ ಕಿಟಕಿಯಲ್ಲಿ ನಿಂತು, ಒಂದೊಂದೂ ನಡೆಯುವುದನ್ನು ನೋಡುತ್ತಾಳೆ. ಆ ಹೊಲ ಇಲ್ಲಿಂದ ಎರಡು ತಾಸಿನ ದಾರಿ, ಆ ಜಿಂಕೆ ಇಲ್ಲಿಗೆ ಬರುವುದಿಲ್ಲ ಎಂದು ಇವತ್ತು ಹೇಳಿದೆ. "ನನಗೂ ಗೊತ್ತದರಿ" ಅಂದಳು, "ಸುಮ್ನ ನೋಡೂದು." ಆಗ ಹೇಳಬಹುದಿತ್ತು. ಬಾಯಿ ತೆರೆದೆ, ಚಹಾ ಆಯಿತೇ ಎಂದು ಕೇಳಿದೆ.

ಅಳಿಯನ ಕ್ಷಮೆ ಕೇಳಿದ್ದೇನೆ, ಒಂದೇ ದಿನ ಕಂಡ ರೈತನ ಕ್ಷಮೆಯನ್ನೂ ಅವನ ಭಾಷೆಯಲ್ಲೇ ಕೇಳಿದ್ದೇನೆ. ಕೇಳದೆ ಉಳಿದದ್ದು ನಲವತ್ತಾರು ವರ್ಷದಿಂದ ನನ್ನ ಜೊತೆಗಿದ್ದು, ನಾನು ಆಡಿದ ಒಂದು ಮಾತನ್ನು ನಂಬಿ ಆ ಪಾಪವನ್ನು ತನ್ನ ಕೈಗೆ ಹಚ್ಚಿಕೊಂಡವಳನ್ನು. ನನ್ನ ಹೆಂಡತಿಯನ್ನು.