ಬಲದ ಜಾಡು

ಕಣಕಟ್ಟೆ ದಾಟಿ ಗುಡ್ಡದ ಹಿಂಭಾಗಕ್ಕೆ ಹೊರಳಿದರೆ, ಹಳ್ಳದ ನೀರು ಕೊರೆದು ಕೊರೆದು ಆದ ಆಳವಾದ ಕಮರಿಯೊಂದಿದೆ. ಸುತ್ತಲಿನವರು ಅದನ್ನು ಕೊರಕಲು ಅಂತಷ್ಟೇ ಕರೆಯುತ್ತಾರೆ. ಅದರ ಅಂಚಿನುದ್ದಕ್ಕೂ ಹಳೆಯ ಗಾಡಿದಾರಿ. ಚಕ್ರಗಳು ತುಳಿದ ಎರಡು ಜಾಡು, ನಡುವೆ ಹುಲ್ಲು. ಶನಿವಾರ ಅರಸೀಕೆರೆಯ ಮನೆಯಿಂದ ಸೈಕಲ್ಲಿನಲ್ಲಿ ಹೊರಟು, ಅಲ್ಲೇ ಟೆಂಟ್ ಹಾಕಿ ಮಲಗಿ, ಭಾನುವಾರ ಆಚೆ ತುದಿಯಿಂದ ಹಳೇಬೀಡಿನ ಡಾಂಬರು ರಸ್ತೆಗೆ ಇಳಿಯುವುದು ನನ್ನ ಗಂಡನ ಯೋಜನೆ. ಜೊತೆಯವರೆಲ್ಲ ಕಾಶಿಗೆ ಹೊರಡುವ ವಯಸ್ಸಿನಲ್ಲಿ ಗೇರ್ ಸೈಕಲ್ ಕೊಂಡವರು ನಾವು. ಕಣಕಟ್ಟೆಯ ಬಸ್ ಸ್ಟಾಪಿನಲ್ಲಿ ಒಬ್ಬರು "ಯಾಕ್ರಮ್ಮ, ಬಸ್ ಬರ್ಲಿಲ್ವಾ?" ಎಂದು ನಿಜವಾಗಿ ಮರುಗಿದರು.

ನನಗೆ ಈ ಸವಾರಿ ಬೇಕಿರಲಿಲ್ಲ. ಹಿಂದಿನ ವರ್ಷ ಇವರ ಬಲಗಣ್ಣಿನ ದೃಷ್ಟಿ ಹೋಗಿತ್ತು. ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. "ದೇವ್ರು ಎರಡು ಕೊಟ್ಟಿರೋದೇ ಇದಕ್ಕೆ, ಒಂದು ಸ್ಪೇರ್" ಎಂದು ಇವರು ನಕ್ಕಿದ್ದರು. ಈಗ ಕೊರಕಲು ಇದ್ದದ್ದು ನಮ್ಮ ಬಲಕ್ಕೆ. ಇವರು ಸೈಕಲ್ ಇಳಿಸಿದ್ದೂ ಬಲದ ಜಾಡಿಗೇ.

"ರೀ, ಈ ಕಡೆ ಬನ್ನಿ. ಆ ಜಾಡಿಗೆ ನಾನು ಬರ್ತೀನಿ."

"ಇಷ್ಟು ವರ್ಷ ಎಡಕ್ಕೆ ಕಟ್ಟಿದ ಎತ್ತನ್ನ ಬಲಕ್ಕೆ ಕಟ್ಟಿದ್ರೆ ಎಳೆಯಲ್ಲ ಕಣೇ, ಮಲ್ಕೊಂಡ್ಬಿಡ್ತದೆ."

ಇವರದು ರಾಗಿ ಬೆಳೆಯುವ ಮನೆ. ಮೇಷ್ಟರಾಗಿ ನಿವೃತ್ತರಾದರೂ ಮಾತಿಗೆ ಮುಂಚೆ ಎತ್ತು ಬರುತ್ತದೆ. ಹಸೆಮಣೆಯಿಂದ ಹಿಡಿದು ನಾನು ಇವರ ಎಡಕ್ಕೇ ಇದ್ದವಳು ಎನ್ನುವುದೂ ನಿಜ. ಆದರೆ ಸ್ವಲ್ಪ ಮುಂದೆ ಇವರ ಮುಂಚಕ್ರ ಅಂಚಿನ ಕಲ್ಲೊಂದನ್ನು ಉರುಳಿಸಿತು. ಅದು ಕೆಳಗೆ ಬಿದ್ದ ಸದ್ದು ಎಷ್ಟೋ ಹೊತ್ತಿಗೆ ಕೇಳಿಸಿತು. ಇವರಿಗೆ ಕಲ್ಲೂ ಕಂಡಿರಲಿಲ್ಲ, ಅಂಚೂ ಕಂಡಿರಲಿಲ್ಲ. ನಾನು ಕೂಗಿದೆ, ಬೈದೆ. ಕೋಣನ ಮುಂದೆ ಕಿನ್ನರಿ. ಕೊನೆಗೆ ಸೈಕಲ್ಲನ್ನು ದಾರಿಗೆ ಅಡ್ಡ ಕೆಡವಿ ಹುಲ್ಲಿನ ಮೇಲೆ ಕೂತುಬಿಟ್ಟೆ.

"ಸರಿ, ಎತ್ತು ಮಲ್ಕೊಂಡ್ತು. ಏಳ್ಸಿ ನೋಡೋಣ," ಎಂದೆ.

ಏಳಿಸಲಾಗಲಿಲ್ಲ. ಹೊತ್ತು ಇನ್ನೂ ಇದ್ದರೂ ಅಲ್ಲೇ ಹೊಂಗೆ ಮರದ ಕೆಳಗೆ ಟೆಂಟ್ ಎದ್ದಿತು. ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದೆ. ಇವರು ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿದರು. ಅದು ಲೋಟದ ಪಕ್ಕದಲ್ಲಿ, ಹುಲ್ಲಿಗೆ ಬಿತ್ತು. ಒಂದೇ ಕಣ್ಣಿಗೆ ಹತ್ತಿರ ಯಾವುದು, ದೂರ ಯಾವುದು ತಿಳಿಯುವುದಿಲ್ಲವಂತೆ. ಎಲ್ಲದಕ್ಕೂ ಗೇಲಿ ಮಾಡುವ ನನಗೆ ಆಗ ನಗು ಬರಲಿಲ್ಲ.

"ನಂಗೆ ಭಯ ಆಗ್ತದೆ ರೀ. ನೀವು ಬಿದ್ದುಹೋದ್ರೆ ನಾನೇನು ಮಾಡ್ಲಿ?"

ಇವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿದರು. ಆಚೆ ದಡದ ಬಂಡೆಗಳ ಮೇಲಿನ ಬಿಸಿಲು ಆರುವವರೆಗೂ ಅತ್ತಲೇ ನೋಡುತ್ತ ಕೂತಿದ್ದರು.

ಬೆಳಿಗ್ಗೆ ಟೆಂಟಿನಿಂದ ಹೊರಬಂದರೆ ನನ್ನ ಸೈಕಲ್ ಬಲದ ಜಾಡಿನಲ್ಲಿ ನಿಂತಿತ್ತು, ಇವರದು ಎಡದಲ್ಲಿ. ಗೆದ್ದೆ ಅಂದುಕೊಂಡು ಹತ್ತಿದೆ. ನಾಲ್ಕು ಮಾರು ಹೋಗಿರಲಿಲ್ಲ.

"ಇದೀಯಾ?" ಎಂದರು.

"ಇದೀನಿ."

ಮತ್ತೆ ಸ್ವಲ್ಪ ದೂರಕ್ಕೆ, "ಇದೀಯಾ?" ಮತ್ತೆ ಅದೇ ಪ್ರಶ್ನೆ. ನನಗೆ ರೇಗಿತು.

"ಎಲ್ಲಿಗೆ ಹೋಗ್ತೀನ್ರೀ? ಪಕ್ಕದಲ್ಲೇ ಇದೀನಲ್ಲ, ಕಾಣಲ್ವಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ಬ್ರೇಕ್ ಹಿಡಿದು ನಿಂತರು.

"ಕಾಣಲ್ಲ ಕಣೇ. ಎಡಕ್ಕಿದ್ರೆ ಕಾಣ್ತಿದ್ದೆ. ಅದಕ್ಕೇ ನಿನ್ನೆ ಬೇಡ ಅಂದಿದ್ದು."

ನಾನು ಅದನ್ನು ಗಂಡಸಿನ ಮೊಂಡುತನ ಎಂದು ತಿಳಿದಿದ್ದೆ. ಊಟದ ಮೇಜಿನಲ್ಲಿ ಇವರು ಕುರ್ಚಿ ಬದಲಿಸಿದ್ದು ನೆನಪಾಯಿತು. ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸೀಟನ್ನು ನನಗೇ ಬಿಟ್ಟುಕೊಡುತ್ತಿದ್ದುದೂ ನೆನಪಾಯಿತು. ಅದನ್ನು ಧಾರಾಳತನ ಅಂದುಕೊಂಡಿದ್ದೆ. ಇವರಿಗೆ ಕೊರಕಲು ಕಾಣದಿದ್ದರೂ ನಡೆಯುತ್ತಿತ್ತು, ನಾನು ಕಾಣದೆ ನಡೆಯುತ್ತಿರಲಿಲ್ಲ. ಕಣ್ಣು ತುಂಬಿ ಜಾಡು ನನಗೂ ಕಾಣದಂತಾಯಿತು.

ಆಮೇಲೆ ಇವರು ಕೇಳುವ ಮೊದಲೇ ಬೆಲ್ ಬಾರಿಸುತ್ತ ಬಂದೆ. ಮಾದಿಹಳ್ಳಿಯ ಕಡೆ ಡಾಂಬರು ರಸ್ತೆ ಸಿಕ್ಕಿದಾಗ ಇವರು ಕಾಲೂರಿದರು.

"ಕೊರಕಲು ಮುಗೀತಲ್ಲ. ಇನ್ನು ನಿನ್ನ ಜಾಗಕ್ಕೆ ಬಾ."

ಲಾರಿಯೊಂದು ಧೂಳೆಬ್ಬಿಸಿಕೊಂಡು ನಮ್ಮನ್ನು ದಾಟಿತು, ಬಲದಿಂದಲೇ.

"ಬಲಕ್ಕೆ ಕಟ್ಟಿದ ಎತ್ತನ್ನ ಎಡಕ್ಕೆ ಕಟ್ಟಿದ್ರೆ ಮಲ್ಕೊಂಡ್ಬಿಡ್ತದೆ ರೀ," ಎಂದು ಬೆಲ್ ಬಾರಿಸಿದೆ.