ಹಸಿರು ದಾರದ ಶಾಲು

ಭಾಷಣ ಮಾಡುವುದು ನನ್ನ ಕಸುಬು ಎಂದರೆ ಜನ ನಗುತ್ತಾರೆ. ನಗಲಿ. ಶಿವಮೊಗ್ಗದ ಖಾಸಗಿ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿ, ಎರಡನೇ ಪುಸ್ತಕ ಬಂದ ವರ್ಷ ಕೆಲಸ ಬಿಟ್ಟು, ಇನ್ನು ಮಾತು ಮತ್ತು ಬರಹದಿಂದಲೇ ಬದುಕುತ್ತೇನೆಂದು ಹೊರಟವಳು ನಾನು. ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿ, ಫ್ಯಾಕ್ಟರಿ, ಎಲ್ಲೇ ಆಗಲಿ, ತನಗೆ ಬೇಕಾದದ್ದನ್ನು ಅಂಜದೆ ಕೇಳುವುದು ಹೇಗೆ ಎಂಬುದೇ ನನ್ನ ವಿಷಯ. ಎರಡೂ ಪುಸ್ತಕ ಅದರ ಮೇಲೆಯೇ. ಊರಿಗೆಲ್ಲ ಕೇಳುವುದನ್ನು ಕಲಿಸುತ್ತಿದ್ದ ನನಗೆ ನನ್ನ ಸಂಭಾವನೆ ಕೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ನಮ್ಮ ಕಡೆ ಸಭೆಗಳಿಗೊಂದು ಪದ್ಧತಿಯಿದೆ. ಶಾಮಿಯಾನದವರಿಗೆ ದುಡ್ಡು, ಮೈಕ್‌ಸೆಟ್ಟಿನವರಿಗೆ ದುಡ್ಡು, ಕುರ್ಚಿಗೆ, ಹಾರಕ್ಕೆ, ಉಪ್ಪಿಟ್ಟು ಕೇಸರಿಬಾತಿಗೆ ದುಡ್ಡು. ಯಾರ ಮಾತು ಕೇಳಲೆಂದು ಇಷ್ಟೆಲ್ಲ ಮಾಡಿದರೋ ಅವರ ಹೆಗಲಿಗೆ ಒಂದು ಶಾಲು, ಕೈಗೆ ಹಣ್ಣಿನ ಬುಟ್ಟಿ. ನಾನು ಬಗ್ಗಿ, ಹೊದಿಸಿಕೊಂಡು, ಫೋಟೋಗೆ ನಕ್ಕು, ಸಿಟಿ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ.

ಮನೆಯೆಂದರೆ ಸವಳಂಗ ರಸ್ತೆಯ ಒಳಗಿನ ಬಾಡಿಗೆ ಮನೆ. ಮುಂಬಾಗಿಲಿನಲ್ಲೇ ಅಮ್ಮಿಯ ಹೊಲಿಗೆ ಮೆಷಿನ್ನು. ಅಬ್ಬಾ ತೀರಿಕೊಂಡ ಮೇಲೆ ಆ ಮೆಷಿನ್ನೇ ನನ್ನನ್ನು ಓದಿಸಿದ್ದು. ನಾನು ತಂದ ಶಾಲುಗಳನ್ನು ಅಮ್ಮಿ ಕೊಡವಿ, ಮಡಚಿ, ಟ್ರಂಕಿಗೆ ಹಾಕುತ್ತಿದ್ದಳು. ಒಂದು ನೇರಳೆ ಶಾಲಿನ ಅಂಚಿಗೆ ಯಾವುದೋ ವೇದಿಕೆಯ ಊದುಬತ್ತಿ ತಗುಲಿ ತೂತಾಗಿತ್ತು. ನೇರಳೆ ದಾರ ಮುಗಿದಿತ್ತೆಂದು ಅಮ್ಮಿ ಅದನ್ನು ಹಸಿರು ದಾರದಲ್ಲೇ ರಫೂ ಮಾಡಿದಳು.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ಸಂಘದ ಕಾರ್ಯದರ್ಶಿ ಏದುಸಿರು ಬಿಡುತ್ತ ಬಂದರು. "ಮೇಡಂ, ಒಂದ್ ಶಾಲು ಶಾರ್ಟ್ ಆಗಿದೆ. ಅತಿಥಿಗಳು ಆಗ್ಲೇ ಬಂದು ಕೂತಿದಾರೆ. ನಿಮ್ಹತ್ರ ಇರುತ್ತಲ್ಲ, ಒಂದು ಕೊಡಿ" ಎಂದರು. ಟ್ರಂಕು ತೆಗೆದು ಮೇಲಿದ್ದ ನೇರಳೆಯದನ್ನೇ ಕೊಟ್ಟುಬಿಟ್ಟೆ. ಆಮೇಲೆ ಮರೆತೂಬಿಟ್ಟೆ.

ಅದು ಯಾರ ಯಾರ ಹೆಗಲು ಹತ್ತಿ ಇಳಿಯಿತೋ ಗೊತ್ತಿಲ್ಲ. ಕೆಲವು ತಿಂಗಳ ನಂತರ ಕಾಲೇಜೊಂದರಲ್ಲಿ ಮಾತಾಡಿ ಮುಗಿಸಿದಾಗ ಅಧ್ಯಕ್ಷರು ನನಗೆ ಶಾಲು ಹೊದಿಸಿದರು. ಕಣ್ಣು ಅಂಚಿಗೆ ಹೋಯಿತು. ಹಸಿರು ರಫೂ! ನಾನೇ ಕೊಟ್ಟದ್ದನ್ನು ನನಗೇ ಹೊದಿಸಿ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ವೇದಿಕೆಯ ಮೇಲೆ ನಗು ತಡೆಯಲಾಗಲಿಲ್ಲ, ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ.

ಮನೆಯಲ್ಲಿ ನಾವು ಮಾತಾಡುವುದು ದಖನಿ ಉರ್ದು. ಗಿರಾಕಿಗಳ ಜೊತೆ ಜಗಳಕ್ಕೆ ಮಾತ್ರ ಅಮ್ಮಿಗೆ ಕನ್ನಡ ಬೇಕು. ಅವತ್ತು ಶಾಲನ್ನು ತಿರುಗಿಸಿ ನೋಡಿ ನನ್ನ ಮೇಲೂ ಕನ್ನಡದಲ್ಲೇ ಹರಿಹಾಯ್ದಳು.

"ಇದು ನನ್ ಕೈಕೆಲ್ಸ. ಬ್ಲೌಸ್ ಹೊಲಿಸ್ಕೊಂಡೋಳು ನನ್ ಹೆಗಲಿಗೆ ಶಾಲು ಹಾಕಿ, ಬರ್ತೀನಮ್ಮ ಅಂತ ಹೊರಟ್ರೆ ನಾನು ಬಿಡ್ತೀನಾ? ಬಾಗ್ಲಲ್ಲೇ ನಿಲ್ಲಿಸ್ತೀನಿ. ನೀನು ಕೈ ಮುಗ್ದು ಬರ್ತೀಯ! ಅದೇನ್ ಪುಸ್ತಕ ಬರ್ದಿದೀಯೋ ಏನೋ."

ಮಾತು ನೆಟ್ಟಗೆ ಎದೆಗೆ ನಾಟಿತು. ಮರುದಿನದಿಂದ ಫೋನು ಬಂದಾಗಲೆಲ್ಲ ಸಂಭಾವನೆ ಎಷ್ಟೆಂದು ಹೇಳಿಯೇ ಒಪ್ಪಿಕೊಳ್ಳತೊಡಗಿದೆ. ಶಾಲು ಬೇಡ ಎಂದೂ ಹೇಳುತ್ತಿದ್ದೆ. ಶಾಲೆಯ ಹಳೆಯ ಸಹೋದ್ಯೋಗಿಯೊಬ್ಬಳು, "ಮಾತಿಗೂ ರೇಟಾ ಮಾರಾಯ್ತಿ?" ಎಂದಳು. ಸಂಘಟಕರೊಬ್ಬರು, "ಇದು ಸೇವೆ ಅಲ್ವಾ ಮೇಡಂ" ಎಂದು ಪಾಠ ಹೇಳಿದರು. ಸೇವೆಯ ಪಾಠ ಹೇಳಿದವರೆಲ್ಲ ತಿಂಗಳ ಒಂದನೇ ತಾರೀಕಿಗೆ ತಪ್ಪದೆ ಸಂಬಳ ಎಣಿಸುವವರೇ! ಸೊಕ್ಕು ಎಂದು ಹೆಸರಿಟ್ಟರು, ಫೋನು ತಣ್ಣಗಾಯಿತು. ಅಷ್ಟರಲ್ಲಿ ನಮ್ಮ ಹೆಡ್‌ಮಿಸ್ ಹೇಳಿಕಳಿಸಿದರು, ಜೂನಿನಲ್ಲಿ ಜಾಗ ಖಾಲಿಯಿದೆ, ಬರುವುದಾದರೆ ಬಾ ಎಂದು. ಭದ್ರಾವತಿಯದೊಂದು ಕಾರ್ಯಕ್ರಮ ಮಾತ್ರ ಉಳಿದಿತ್ತು. ಅಲ್ಲೂ ದುಡ್ಡಿನ ಬದಲು ಶಾಲೇ ಸಿಕ್ಕರೆ ತೆಪ್ಪಗೆ ಶಾಲೆಗೆ ಹಿಂತಿರುಗುವುದೆಂದು ತೀರ್ಮಾನಿಸಿದೆ.

ಅದು ದುಡಿಯುವ ಹೆಂಗಸರ ಸಭೆ. ಸಂಘಟಕರು ಫೋನಿನಲ್ಲಿ, "ನೀವು ಹೇಳಿದ್ದೇ ಆಗ್ಲಿ ಮೇಡಂ" ಎಂದು ಒಪ್ಪಿದ್ದರು. ಹಾಲ್ ತುಂಬಿತ್ತು. ಕನ್ನಡ, ತಮಿಳು, ತೆಲುಗು ಎಲ್ಲ ಕಲಸಿದ ಗದ್ದಲ. ನಾನು ಬಾಯಿ ತೆಗೆದ ಮೇಲೆ ಆ ಗದ್ದಲ ನಿಂತಿತು. ನಿಜ ಹೇಳಬೇಕೆಂದರೆ ಆ ನಿಶ್ಶಬ್ದಕ್ಕಾಗಿಯೇ ನಾನು ಕೆಲಸ ಬಿಟ್ಟದ್ದು. ಮುಕ್ಕಾಲು ಗಂಟೆಯ ಮಾತು ಮುಗಿದಾಗ ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಮಾಚೇನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸವಂತೆ.

"ಎಂಟ್ ಗಂಟೆ ನಿಂತೇ ಕೆಲ್ಸ ಮೇಡಂ. ಕೂರೋಕೆ ಒಂದ್ ಸ್ಟೂಲ್ ಕೇಳ್ಬೇಕು. ಸೂಪರ್‌ವೈಸರ್ ಮುಂದೆ ಹೋದ್ರೆ ಗಂಟ್ಲು ಕಟ್ಟುತ್ತೆ."

"ರೂಮಿಗೆ ಹೋಗಿ ಗುಟ್ಟಾಗಿ ಕೇಳ್ಬೇಡ. ಎಲ್ಲರ ಎದುರಿಗೆ ಕೇಳು. ಬೈಬೇಡ, ಅಳಬೇಡ. ಏನು ಬೇಕೋ ಅಷ್ಟೇ ಹೇಳು" ಎಂದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆಮೇಲೆ ಸಂಘಟಕರು ಎದ್ದು ಬಂದರು. ಕೈಯಲ್ಲಿ ಶಾಲು! ನನ್ನ ಕಿವಿಯ ಬಳಿ ಬಗ್ಗಿ, "ಫಂಡ್ ಕಮ್ಮಿ ಬಿತ್ತು ಮೇಡಂ, ಬೇಜಾರ್ ಮಾಡ್ಕೋಬೇಡಿ" ಎಂದು ಪಿಸುಗುಟ್ಟಿದರು. ಅಭ್ಯಾಸಬಲ, ನನ್ನ ಕತ್ತು ಬಗ್ಗಿಯೇಬಿಟ್ಟಿತ್ತು. ಅಷ್ಟರಲ್ಲಿ ಆ ಹುಡುಗಿಯ ಮುಖ ಕಂಡಿತು. ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಶಾಲನ್ನು ಅವರ ಕೈಯಿಂದ ತೆಗೆದುಕೊಂಡು ಮಡಚಿ ಮೈಕಿನ ಮುಂದೆ ಹೋದೆ. 

"ಈ ಶಾಲನ್ನ ಮೈಕ್‌ಸೆಟ್ಟಿನವರಿಗೆ ಹೊದಿಸಿ. ಅವರಿಗೆ ಏನು ಕೊಡ್ತೀರೋ ಅದನ್ನ ನನಗೆ ಕೊಡಿ. ನನ್ನ ಸಂಭಾವನೆಗೆ ಫೋನಿನಲ್ಲೇ ಒಪ್ಪಿದ್ದೀರಿ."

ಸಂಘಟಕರ ಮುಖ ಕೆಂಪಾಯಿತು. ಮೂಲೆಯತ್ತ ತಿರುಗಿ, "ಮೈಕ್ ಆಫ್ ಮಾಡಯ್ಯ" ಎಂದು ಹಲ್ಲು ಕಚ್ಚಿ ಹೇಳಿದರು. ಅದೂ ಮೈಕಿನಲ್ಲೇ ಹಾಲಿಗೆಲ್ಲ ಕೇಳಿಸಿತು. ಮೂಲೆಯಲ್ಲಿ ಡಬ್ಬಿಗಳ ನಡುವೆ ಕೂತಿದ್ದ ಮೈಕ್‌ಸೆಟ್ಟಿನವರು ಕೈ ಕಟ್ಟಿಕೊಂಡೇ, "ಆಫ್ ಆಗ್ತಿಲ್ಲ ಸಾರ್!" ಎಂದರು. ಮೊದಲು ನಗು ಎದ್ದಿತು, ಆಮೇಲೆ ಚಪ್ಪಾಳೆ.

ಕವರು ಅಲ್ಲೇ ಬಂತು. ಇಸಕೊಂಡು ಧನ್ಯವಾದ ಹೇಳಿದೆ. "ಇನ್ಮೇಲೆ ಈ ಕಡೆ ನಿಮ್ಮನ್ನ ಯಾರೂ ಕರೆಯಲ್ಲ, ನೋಡ್ತಿರಿ" ಎಂದು ಸಂಘಟಕರು ಬಾಗಿಲವರೆಗೆ ಬಂದು ಹೇಳಿದರು. ಹೌದು, ಕೆಲವರು ಇಂದಿಗೂ ಕರೆಯುವುದಿಲ್ಲ. ಕರೆಯುವವರು ಮೊದಲು ನನ್ನ ಸಂಭಾವನೆ ಕೇಳಿ ಆಮೇಲೆ ತಾರೀಕು ಕೇಳುತ್ತಾರೆ. ಜೂನಿನಲ್ಲಿ ನಾನು ಶಾಲೆಗೆ ಹೋಗಲಿಲ್ಲ, ಮೂರನೇ ಪುಸ್ತಕಕ್ಕೆ ಕೂತೆ. ನೇರಳೆ ಶಾಲು ಈಗ ಅಮ್ಮಿಯ ಮೆಷಿನ್ನಿನ ಮೇಲೆ ಧೂಳು ಬೀಳದಂತೆ ಕಾಯುತ್ತಿದೆ.

ಭದ್ರಾವತಿಯ ಸಭೆ ಮುಗಿದ ಆ ಸಂಜೆ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದಾಗ ಆ ಹುಡುಗಿ ಓಡಿ ಬಂದಳು. ಹೊಗಳುತ್ತಾಳೇನೋ ಎಂದುಕೊಂಡೆ. ಅವಳು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಅಂದಳು:

"ನಾಳೆ ಶಿಫ್ಟ್ ಶುರು ಆಗೋಕ್ ಮುಂಚೆ ಕೇಳ್ತೀನಿ ಮೇಡಂ, ಎಲ್ಲರ ಎದುರಿಗೇ. ಒಂದ್ ಸ್ಟೂಲ್ ಅಲ್ಲ. ನಮ್ ಲೈನಲ್ಲಿ ಹನ್ನೆರಡು ಜನ ಇದೀವಿ."